‘ರಫ್ತು’ ಅಂದರೆ ಮಾರುವುದಾ, ಕಳಿಸುವುದಾ? ಪದ ಬಂದದ್ದು ಎಲ್ಲಿಂದ?

ಕರಡುತಿದ್ದು:
ವಾಣಿಜ್ಯ ವಿದ್ಯಾರ್ಥಿಗಳ ಕೈಪಿಡಿಯೊಂದರ ಕರಡು ಮುಂದಿದೆ. ಕೊನೆಯ ಪದಕೋಶದಲ್ಲಿ ಹೀಗಿದೆ: ‘ರಫ್ತು: ಸರಕನ್ನು ಹೊರದೇಶಕ್ಕೆ ಮಾರುವುದು. ಹಡಗು, ತೆಪ್ಪ ಎಂಬರ್ಥದ ಇಂಗ್ಲಿಷಿನ ರಾಫ್ಟ್ ಪದದಿಂದ ಬಂದದ್ದು.’ ಎರಡನೆಯ ವಾಕ್ಯದ ಮೇಲೆ ಗುಮಾನಿ. ಮೊದಲನೆಯದು ಸರಿ ಅನ್ನಿಸುತ್ತದೆ, ಆದರೂ ಗಟ್ಟಿ ಮಾಡಿಕೊಳ್ಳಬೇಕು. ಸಂಪಾದಕರು ‘ರಫ್ತು ತೆಗೆದು ನಿರ್ಯಾತ ಹಾಕಿ, ಅದು ಶುದ್ಧ’ ಅನ್ನುತ್ತಿದ್ದಾರೆ. ಬಲ್ಲವರು ಹೇಳಿ.

ಸುಮ್ನೆಓದ್ತೀನಿ:
ರಾಫ್ಟ್ ಸರಿ ಇರಬಹುದಲ್ವಾ? ಹಿಂದೆ ಸರಕು ಹೋಗ್ತಿದ್ದದ್ದೇ ನೀರಿನ ಮೇಲೆ.

ನಿಘಂಟುಪ್ರಿಯ:
ಇಲ್ಲ ಗುರು, ಅದು ಕಿವಿಗೆ ಕೇಳಿಸಿದ ಹೋಲಿಕೆ ಅಷ್ಟೆ. ಇಂಗ್ಲಿಷಿನ ರಾಫ್ಟ್ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು, ಅಲ್ಲಿ ಅದರ ಅರ್ಥ ಮರದ ತೊಲೆ. ಸರಕಿಗೂ ಅದಕ್ಕೂ ನಂಟಿಲ್ಲ.

ನಮ್ಮ ‘ರಫ್ತು’ ಪಾರಸಿಯದು. ಪಾರಸಿಯಲ್ಲಿ ರಫ್ತನ್ ಅಂದರೆ ಹೋಗುವುದು, ರಫ್ತ್ ಅಂದರೆ ‘ಹೋಯಿತು’. ಆಮದನ್ ಅಂದರೆ ಬರುವುದು, ಆಮದ್ ಅಂದರೆ ‘ಬಂತು’. ಎರಡೂ ಸೇರಿ ‘ಆಮದ್-ಓ-ರಫ್ತ್’, ಬರುವುದು ಹೋಗುವುದು, ಓಡಾಟ. ಹಿಂದಿ-ಉರ್ದುವಿನಲ್ಲಿ ‘ಆಮದ್‌ರಫ್ತ್’ ಇವತ್ತಿಗೂ ಜನರ, ಗಾಡಿಗಳ ಓಡಾಟವೇ. ವ್ಯಾಪಾರದ ಸೋಂಕೂ ಇಲ್ಲ. ಕನ್ನಡದಲ್ಲಿ ವ್ಯಂಜನದ ಕೊನೆಗೆ ಉಕಾರ ಅಂಟಿಕೊಂಡು ಆಮದು, ರಫ್ತು ಆದವು.

ಹಿಂದಿಯ ರಫ್ತಾರ್ (ವೇಗ, ನಡಿಗೆ) ಅದೇ ಧಾತುವಿನದು. ಅದೇ ಕ್ರಿಯಾಪದದ ವರ್ತಮಾನ ರೂಪ ‘ರವ್’. ಅದರಿಂದ ಹುಟ್ಟಿದ್ದು ರವಾನಾ, ನಮ್ಮ ರವಾನೆ. ಅಂದರೆ ರಫ್ತು, ರವಾನೆ ಎರಡೂ ಒಡಹುಟ್ಟು.

ಸುಮ್ನೆಓದ್ತೀನಿ:
ಹಾಗಾದ್ರೆ ಗಿರಫ್ತಾರ್? ಅದೂ ಇದೇ ಮನೆಯದಾ?

ನಿಘಂಟುಪ್ರಿಯ:
ಅಲ್ಲ. ಅದು ಗಿರಿಫ್ತನ್, ಹಿಡಿಯುವುದು. ಹಿಡಿಸಿಕೊಂಡವನು ಗಿರಿಫ್ತಾರ್. ‘ರಫ್ತ್’ ಅಂತ ಕೇಳಿಸುವುದು ಕಾಕತಾಳೀಯ. ಬಟ್ಟೆಗೆ ಹಾಕುವ ರಫೂ ಕೂಡ ಬೇರೆಯದೇ.

ಹಳೆಬಂದರು:
ಸಂಪಾದಕರ ‘ಶುದ್ಧ’ದ ಬಗ್ಗೆ ಒಂದು ಮಾತು. ನಿರ್ಯಾತ ಸಂಸ್ಕೃತದ್ದು: ನಿರ್ + ಯಾ (ಹೋಗು) + ತ. ಹೊರಗೆ ಹೋದದ್ದು. ಆಯಾತ: ಆ + ಯಾ + ತ, ಬಂದದ್ದು. ಪಾರಸಿ ಹೇಳಿದ್ದನ್ನೇ ಇದೂ ಹೇಳುತ್ತದೆ. ಎರಡೂ ಕನ್ನಡಕ್ಕೆ ಹೊರಗಿನವೇ. ರಫ್ತು ಪೇಟೆಯಲ್ಲಿ, ಪತ್ರಿಕೆಯಲ್ಲಿ, ಸರ್ಕಾರಿ ಕಾಗದದಲ್ಲಿ ನೆಲೆ ನಿಂತಿದೆ. ಇನ್ನೊಂದು ಹಿಂದಿ, ಮರಾಠಿಯಲ್ಲಿ ಚಾಲ್ತಿಯಲ್ಲಿದ್ದು ಇಲ್ಲಿ ಬರಹದಲ್ಲಿ ಆಗೀಗ ಕಾಣಿಸುತ್ತದೆ. ಓದುವ ಹುಡುಗರಿಗೆ ಗೊತ್ತಿರುವುದನ್ನು ತೆಗೆದು ಗೊತ್ತಿಲ್ಲದ್ದನ್ನು ಹಾಕಿದರೆ ಯಾರಿಗೆ ಲಾಭ?

ಪಾರಸಿ ಪದ ಹೇಗೆ ಬಂತು ಅಂತ ಮುಂದಿನ ಪ್ರಶ್ನೆ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. 1347ರಲ್ಲಿ ಬಹಮನಿ ಸುಲ್ತಾನರ ಆಳ್ವಿಕೆ ಶುರುವಾಗಿ ಕಲಬುರಗಿ ರಾಜಧಾನಿಯಾಯಿತು. ಆಮೇಲೆ ಬೀದರ್, ವಿಜಯಪುರದ ಆದಿಲ್‌ಶಾಹಿ, ಮೊಘಲರು, ಮರಾಠರು, ಮೈಸೂರಿನಲ್ಲಿ ಹೈದರ್-ಟಿಪ್ಪು. ಲೆಕ್ಕ, ಕಂದಾಯ, ಕೋರ್ಟು, ದಂಡು ಎಲ್ಲದರ ಮಾತೂ ಆ ದಾರಿಯಲ್ಲಿ ಬಂದದ್ದು: ಅರ್ಜಿ, ಜಾರಿ, ವಸೂಲಿ, ಖರೀದಿ, ಜಮೀನು, ಜಕಾತಿ. ‘ಬಂದರು’ ಪದವೇ ಪಾರಸಿಯದು. ಟಿಪ್ಪುವಿನ ಆಡಳಿತ ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿ ಇಟ್ಟು ಗಂಧ, ಮೆಣಸು ಕಳಿಸುತ್ತಿತ್ತು. ಆ ಪತ್ರವ್ಯವಹಾರವೂ ಪಾರಸಿಯಲ್ಲೇ.

ಅಚ್ಚಗನ್ನಡ:
ಇದೇ ನೋಡಿ ತಕರಾರು. ಪಾರಸಿಯೂ ಬೇಡ, ಸಂಸ್ಕೃತವೂ ಬೇಡ. ‘ಹೊರಮಾರಾಟ’ ಅಂದರೆ ಐದನೇ ಕ್ಲಾಸಿನ ಮಗುವಿಗೂ ಗೊತ್ತಾಗುತ್ತೆ. ‘ಒಳಕೊಳ್ಳಿಕೆ’ ಆಮದಿಗೆ. ಮುಗೀತು.

ಬಿಲ್ಲುಬಾಬು:
ಮುಗೀಲಿಲ್ಲ ಮಾರಾಯ್ರೆ, ಅಲ್ಲೇ ಶುರು. ಕೈಪಿಡಿಯ ಮೊದಲ ವಾಕ್ಯವೂ ತಪ್ಪು, ನಿಮ್ಮ ‘ಹೊರಮಾರಾಟ’ವೂ ಅದೇ ಕಾರಣಕ್ಕೆ ತಪ್ಪು.

1962ರ ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 2(18) ತೆಗೆಯಿರಿ. ಅದರ ಪ್ರಕಾರ ರಫ್ತು ಅಂದರೆ ಭಾರತದಿಂದ ಭಾರತದ ಹೊರಗಿನ ಜಾಗಕ್ಕೆ ಒಯ್ಯುವುದು. ಇಷ್ಟೆ. ಮಾರಾಟದ ಮಾತೇ ಇಲ್ಲ, ದುಡ್ಡಿನ ಮಾತೂ ಇಲ್ಲ, ಕೊಳ್ಳುವವನೂ ಇಲ್ಲ. 2(23) ಆಮದು: ಹೊರಗಿನಿಂದ ಭಾರತದೊಳಕ್ಕೆ ತರುವುದು. ಐಜಿಎಸ್‌ಟಿ (ಸಮಗ್ರ ಸರಕು-ಸೇವಾ ತೆರಿಗೆ) ಕಾಯ್ದೆಯ 2(5) ಕೂಡ ಸರಕಿನ ರಫ್ತಿಗೆ ‘ಹೊರಗೆ ಒಯ್ಯುವುದು’ ಅಂತಲೇ ಹೇಳುತ್ತದೆ.

ಪುಕ್ಕಟೆ ಸ್ಯಾಂಪಲ್ ಕಳಿಸಿ, ಅದು ರಫ್ತು. ಮಗಳಿಗೆ ಉಡುಗೊರೆ ಕೊರಿಯರ್ ಮಾಡಿ, ಅದೂ ರಫ್ತು. ಕೊರಿಯರ್ ಶಿಪ್ಪಿಂಗ್ ಬಿಲ್ಲಿನಲ್ಲೇ (ಕಸ್ಟಮ್ಸ್‌ಗೆ ಕೊಡುವ ರಫ್ತಿನ ಘೋಷಣಾಪತ್ರ, ಚಿಕ್ಕದಾಗಿ ಸಿಎಸ್‌ಬಿ) ಈ ಭೇದ ಇದೆ: ಮಾರಾಟವಲ್ಲದ ಸ್ಯಾಂಪಲ್, ಉಡುಗೊರೆಗೆ ಸಿಎಸ್‌ಬಿ-4, ಮಾರಾಟದ ಸರಕಿಗೆ ಸಿಎಸ್‌ಬಿ-5. ಎರಡೂ ರಫ್ತೇ, ಮಾರಾಟ ಒಂದರಲ್ಲಿ ಮಾತ್ರ. ಕಮರ್ಷಿಯಲ್ ಸರಕನ್ನು ಉಡುಗೊರೆ ಅಂತ 4ರಲ್ಲಿ ಕಳಿಸಿದರೆ ಆಮೇಲೆ ಜಿಎಸ್‌ಟಿ ರೀಫಂಡ್ ಕೇಳುವ ಹಾಗಿಲ್ಲ, ದಾಖಲೆಯೇ ಇರುವುದಿಲ್ಲ.

ಕರಡುತಿದ್ದು:
ಓಹೋ. ಹಾಗಾದರೆ ‘ಹೋಯಿತು’ ಅನ್ನುವ ಪಾರಸಿ ಅರ್ಥವೇ ಕಾನೂನಿಗೆ ಹತ್ತಿರ?

ಬಿಲ್ಲುಬಾಬು:
ಹತ್ತಿರ ಅಲ್ಲ, ಅದೇ. ತಿರುಗಿಸಿಯೂ ನೋಡಿ: ವಿದೇಶಕ್ಕೆ ಮಾರಾಟ ಆಗಿದೆ, ಆದರೆ ರಫ್ತಲ್ಲ. ವಿಯೆಟ್ನಾಮಿನಲ್ಲಿ ಸರಕು ಕೊಂಡು ಅಲ್ಲಿಂದಲೇ ಕೀನ್ಯಾದವನಿಗೆ ಮಾರುತ್ತೀರಿ, ಸರಕು ಭಾರತಕ್ಕೆ ಬರುವುದೇ ಇಲ್ಲ. ಬಿಲ್ಲು ಬೆಂಗಳೂರಿನದು, ಡಾಲರು ಇಲ್ಲಿಗೆ ಬರುತ್ತದೆ, ಗಿರಾಕಿ ವಿದೇಶದವನು. ಆದರೂ ಸರಕಿನ ರಫ್ತಲ್ಲ. ಜಿಎಸ್‌ಟಿಯಲ್ಲಿ ಅದು ಮೂರನೇ ಅನುಸೂಚಿಯ 7ನೇ ಬಾಬತ್ತು, ಪೂರೈಕೆ ಅಂತಲೇ ಲೆಕ್ಕವಿಲ್ಲ. ಶಿಪ್ಪಿಂಗ್ ಬಿಲ್ ಇಲ್ಲ. ಯಾಕೆ? ಏನೂ ‘ಹೋಗಲಿಲ್ಲ’.

ಅಚ್ಚಗನ್ನಡ:
ಕಾನೂನಿಗೆ ಬೇಕಾದ್ದು ಬೇರೆ, ಜನಬಳಕೆ ಬೇರೆ. ಪೇಪರಿನಲ್ಲಿ ‘ಕಾಫಿ ರಫ್ತು ಏರಿಕೆ’ ಅಂದಾಗ ಓದುಗ ಸ್ಯಾಂಪಲ್ಲು ನೆನೆಸಿಕೊಳ್ತಾನಾ? ಮಾರಾಟವನ್ನೇ.

ಸುಂಕದಕಟ್ಟೆ:
ಆ ಮಾತಿನಲ್ಲಿ ಅರ್ಧ ನ್ಯಾಯ ಇದೆ. ರಫ್ತಾಗುವ ಸರಕಿನ ಬಹುಪಾಲು ಮಾರಾಟದ್ದೇ. ಆದರೆ ಪದಕೋಶ ಬರೆಯುವವರು ಬಹುಪಾಲನ್ನು ಇಡೀ ಅರ್ಥ ಮಾಡಬಾರದು. ‘ಹೊರಮಾರಾಟ’ ಅಂತ ಕಲಿತ ಹುಡುಗ ನಾಳೆ ಕಚೇರಿಯಲ್ಲಿ ಪ್ರದರ್ಶನಕ್ಕೆ ಕಳಿಸುವ ಸರಕಿನ ಕಾಗದ ಮಾಡಲು ಕೂತರೆ ಎಡವುತ್ತಾನೆ.

ಕರಡುತಿದ್ದು:
ಪ್ರದರ್ಶನದ್ದು ಏನು ವಿಶೇಷ?

ಸುಂಕದಕಟ್ಟೆ:
ಎರಡು ಕಾನೂನು ಒಂದೇ ಪೆಟ್ಟಿಗೆಯನ್ನು ಎರಡು ಬಗೆಯಲ್ಲಿ ನೋಡುವ ಜಾಗ ಅದು. ಒಬ್ಬರು ಆಭರಣವನ್ನೋ ಕರಕುಶಲ ವಸ್ತುವನ್ನೋ ದುಬೈ ಮೇಳಕ್ಕೆ ಕಳಿಸುತ್ತಾರೆ ಅಂತಿಟ್ಟುಕೊಳ್ಳಿ. ಮಾರಾಟ ಆದರೆ ಆಯಿತು, ಇಲ್ಲದಿದ್ದರೆ ವಾಪಸ್. ಕಸ್ಟಮ್ಸ್ ಮಟ್ಟಿಗೆ ಸರಕು ದಾಟಿತು, ರಫ್ತು. ಜಿಎಸ್‌ಟಿ ಮಟ್ಟಿಗೆ ಇನ್ನೂ ‘ಪೂರೈಕೆ’ ಆಗಿಲ್ಲ. ಹಾಗಾಗಿ ಶೂನ್ಯ ದರದ (ತೆರಿಗೆ ಸೊನ್ನೆ) ಪೂರೈಕೆಯೂ ಅಲ್ಲ, ಎಲ್‌ಯುಟಿ (ತೆರಿಗೆ ಕಟ್ಟದೆ ಕಳಿಸಲು ಬರೆದುಕೊಡುವ ಮುಚ್ಚಳಿಕೆ) ಬೇಕಿಲ್ಲ, ಟ್ಯಾಕ್ಸ್ ಇನ್ವಾಯ್ಸ್ ಬೇಡ, ಡೆಲಿವರಿ ಚಲನ್ ಸಾಕು. ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ ಸಿಬಿಐಸಿಯ 2019ರ 108ನೇ ಸುತ್ತೋಲೆ ಇದನ್ನು ಬಿಡಿಸಿ ಹೇಳುತ್ತದೆ. ಹೊರಟ ದಿನದಿಂದ ಆರು ತಿಂಗಳ ಲೆಕ್ಕ. ಒಳಗೆ ಮಾರಾಟವಾದರೆ ಮಾರಾಟವಾದ ಅಷ್ಟಕ್ಕೆ ಆ ದಿನ ಇನ್ವಾಯ್ಸ್. ಆರು ತಿಂಗಳಾದರೂ ಮಾರಾಟವಾಗದೆ, ವಾಪಸ್ಸೂ ಬಾರದೆ ಉಳಿದರೆ ಆ ದಿನ ಪೂರೈಕೆ ಆಯಿತು ಅಂತ ಕಾನೂನೇ ತೀರ್ಮಾನಿಸುತ್ತದೆ, ಇನ್ವಾಯ್ಸ್ ಹಾಕಲೇಬೇಕು.

ಇಲ್ಲಿ ಆಗುವ ಎಡವಟ್ಟು: ಮೊದಲ ದಿನವೇ ಪೂರ್ತಿ ಸರಕಿಗೆ ಎಕ್ಸ್‌ಪೋರ್ಟ್ ಇನ್ವಾಯ್ಸ್ ಹಾಕಿಬಿಡುತ್ತಾರೆ. ಅರ್ಧ ಸರಕು ವಾಪಸ್ ಬಂದಾಗ ಬ್ಯಾಂಕು ಅಷ್ಟೂ ಡಾಲರ್ ಎಲ್ಲಿ ಅನ್ನುತ್ತದೆ. ಯಾಕೆಂದರೆ ಶಿಪ್ಪಿಂಗ್ ಬಿಲ್ಲಿನ ಮೊತ್ತ ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್ ವ್ಯವಸ್ಥೆಗೆ ಹೋಗಿ ಬಾಕಿ ಅಂತ ಕೂತಿರುತ್ತದೆ. ವಾಪಸ್ ಬಂದ ಸರಕಿನ ಬಿಲ್ ಆಫ್ ಎಂಟ್ರಿಯನ್ನು (ಒಳಗೆ ತರುವಾಗಿನ ಘೋಷಣಾಪತ್ರ) ಹಳೆಯ ಶಿಪ್ಪಿಂಗ್ ಬಿಲ್ ನಂಬರಿಗೆ ಕೊಂಡಿ ಹಾಕಿ ತೋರಿಸದಿದ್ದರೆ ಆ ಬಾಕಿ ಕರಗುವುದಿಲ್ಲ.

ಗಡಿನಾಡು:
ಪದದ ಕಡೆಗೆ ಬರೋಣ ಸ್ವಲ್ಪ. ಅಕ್ಕಪಕ್ಕದ ಭಾಷೆಗಳಲ್ಲಿ ಬೇರೆ ಚಿತ್ರವೇ ಇದೆ. ತೆಲುಗು ಎಗುಮತಿ-ದಿಗುಮತಿ. ತಮಿಳು ಏಟ್ರುಮದಿ-ಇರಕ್ಕುಮದಿ. ಮಲಯಾಳ ಕಯಟ್ಟುಮದಿ-ಇರಕ್ಕುಮದಿ. ಮೂರರಲ್ಲೂ ಹೋಗು-ಬಾ ಇಲ್ಲ, ಏರಿಸು-ಇಳಿಸು ಇದೆ. ಹಡಗಿಗೆ ಏರಿಸಿದ್ದು ರಫ್ತು, ಹಡಗಿನಿಂದ ಇಳಿಸಿದ್ದು ಆಮದು. ಬಂದರುಕಟ್ಟೆಯ ಮೇಲೆ ನಿಂತ ಹಮಾಲಿಯ ಕಣ್ಣಿನ ಪದಗಳು ಅವು. ನಮ್ಮವು ಗಡಿಯ ನಾಕಾದಲ್ಲಿ ಕೂತ ಗುಮಾಸ್ತನ ಕಣ್ಣಿನವು.

ಬಂಗಾಳಿ, ಅಸ್ಸಾಮಿ, ಒಡಿಯಾದಲ್ಲಿ ನಮ್ಮ ಹಾಗೆಯೇ ಪಾರಸಿ: ರಪ್ತಾನಿ, ಆಮ್‌ದಾನಿ. ಗುಜರಾತಿಯಲ್ಲಿ ನಿಕಾಸ್. ದ್ರಾವಿಡದ ದೊಡ್ಡ ಭಾಷೆಗಳಲ್ಲಿ ಕನ್ನಡ ಒಂದೇ ಇಲ್ಲಿ ಪಾರಸಿ ಹಿಡಿದದ್ದು.

ಅಚ್ಚಗನ್ನಡ:
ಹಾಗಿದ್ದರೆ ‘ಏರುಮತಿ-ಇಳಿಮತಿ’ ಮಾಡಿಕೊಳ್ಳೋಣ. ನಮ್ಮಲ್ಲೂ ಏರು, ಇಳಿ ಇದೆಯಲ್ಲ.

ಗಡಿನಾಡು:
ಈಗ ನಮ್ಮ ಪೇಟೆಯಲ್ಲಿ ‘ಏರಿಕೆ-ಇಳಿಕೆ’ ಕೇಳಿದರೆ ಎಲ್ಲರೂ ಧಾರಣೆ ಅಂದುಕೊಳ್ಳುತ್ತಾರೆ. ‘ಈರುಳ್ಳಿ ಇಳಿಮತಿ’ ಅಂದರೆ ರೇಟು ಬಿತ್ತು ಅಂತ ಕುಣಿದಾರು.

ಹಳೆಬಂದರು:
ಹೋಗು-ಬಾ ಜೋಡಿ ನಮ್ಮಲ್ಲಿ ಇನ್ನೂ ಎರಡಿವೆ, ಗಮನಿಸಿ. ಎಪಿಎಂಸಿಯಲ್ಲಿ ‘ಇವತ್ತಿನ ಆವಕ ಎಷ್ಟು’ ಅಂತಾರೆ. ಉತ್ತರ ಕರ್ನಾಟಕದ ಕಚೇರಿಗಳಲ್ಲಿ ಆವಕ-ಜಾವಕ ವಹಿ. ಅದು ಮರಾಠಿ ದಾರಿಯಲ್ಲಿ ಬಂದ ಬರುವುದು-ಹೋಗುವುದು.

ಇನ್ನೊಂದು ಬಹಳ ಚೆಂದದ್ದು: ಸರ್ಕಾರಿ ಕಚೇರಿಯ ‘ಸಾದಿಲ್ವಾರು ವೆಚ್ಚ’. ಚಿಲ್ಲರೆ ಖರ್ಚಿನ ಬಾಬತ್ತು. ಅದರ ಮೂಲ ‘ಸಾದಿರ್-ವಾರಿದ್’, ಅರಬ್ಬಿ ಪದಗಳು, ಹೊರಡುವುದು-ಬಂದು ಸೇರುವುದು. ಇವತ್ತಿನ ಇರಾನಿನಲ್ಲಿ ರಫ್ತಿಗೆ ‘ರಫ್ತ್’ ಅನ್ನುವುದಿಲ್ಲ, ಸಾದಿರಾತ್ ಅನ್ನುತ್ತಾರೆ, ಆಮದಿಗೆ ವಾರಿದಾತ್. ಅಂದರೆ ಇರಾನಿನವರ ಆಮದು-ರಫ್ತು ನಮ್ಮ ಗುಮಾಸ್ತರ ಟೀ-ಪೆನ್ನು-ಗೋಂದಿನ ಲೆಕ್ಕದಲ್ಲಿ ಕೂತಿದೆ.

ಸುಮ್ನೆಓದ್ತೀನಿ:
😂 ಸಾದಿಲ್ವಾರು! ಇಷ್ಟು ದಿನ ‘ಸಾದಾ’ ಖರ್ಚು ಅಂತಲೇ ಅಂದ್ಕೊಂಡಿದ್ದೆ.

ನಿಘಂಟುಪ್ರಿಯ:
ಉರ್ದು ಇನ್ನೂ ತಮಾಷೆ. ಅಲ್ಲಿ ರಫ್ತಿಗೆ ‘ಬರಾಮದ್’, ಆಮದಿಗೆ ‘ದರಾಮದ್’. ಎರಡರಲ್ಲೂ ಆಮದ್! ಹೊರಬಂತು, ಒಳಬಂತು. ಹಿಂದಿಯಲ್ಲಿ ‘ಬರಾಮದ್’ ಅಂದರೆ ಪೊಲೀಸರು ಕದ್ದ ಮಾಲು ಹೊರತೆಗೆದದ್ದು. ಒಂದೇ ಪದ, ಗಡಿಯ ಆಚೆ ವಾಣಿಜ್ಯ ಮಂತ್ರಿಯ ಭಾಷಣದಲ್ಲಿ, ಈಚೆ ಎಫ್ಐಆರ್‌ನಲ್ಲಿ.

ಇಂಗ್ಲಿಷಿನ ಎಕ್ಸ್‌ಪೋರ್ಟ್ ಬಗ್ಗೆಯೂ ಕೈಪಿಡಿಯಲ್ಲಿ ಏನಾದರೂ ಇದ್ದರೆ ನೋಡಿಕೊಳ್ಳಿ. ಅದರೊಳಗಿನ ಪೋರ್ಟ್ ಬಂದರಲ್ಲ. ಲ್ಯಾಟಿನ್ ಎಕ್ಸ್ + ಪೋರ್ತಾರೆ, ಹೊರಗೆ ಹೊತ್ತೊಯ್ಯುವುದು. ಬಂದರಿನ ಪೋರ್ಟ್ ‘ಪೋರ್ತುಸ್’ನಿಂದ. ಪೋರ್ಟರ್ ಅನ್ನುವ ಕೂಲಿಯವನೇ ಎಕ್ಸ್‌ಪೋರ್ಟಿಗೆ ಹತ್ತಿರದ ನೆಂಟ.

ಕರಡುತಿದ್ದು:
ಇದೆ! ‘ಎಕ್ಸ್‌ಪೋರ್ಟ್: ಬಂದರಿನಿಂದ ಹೊರಗೆ’ ಅಂತಲೇ ಬರೆದಿದ್ದಾರೆ. ಹೊಡೆದುಹಾಕಿದೆ.

ಕೀಲಿಮಣೆ:
ಸಾಫ್ಟ್‌ವೇರ್ ಕನ್ನಡೀಕರಣದಲ್ಲಿ ಇದೇ ಪದ ತಲೆನೋವು. ಮೆನುವಿನಲ್ಲಿ ಎಕ್ಸ್‌ಪೋರ್ಟ್‌ಗೆ ‘ರಫ್ತು ಮಾಡು’ ಅಂತ ಹಾಕುತ್ತಾರೆ. ‘ಹೋಯಿತು’ ಅಂತ ಮೂಲಾರ್ಥ ಹಿಡಿದರೆ ಕಡತ ಇಲ್ಲಿಂದ ಹೋಗಬೇಕಲ್ಲ? ಹೋಗುವುದಿಲ್ಲ, ಪ್ರತಿ ಆಗುತ್ತದೆ. ಹೊಸಬರು ಆ ಗುಂಡಿ ಒತ್ತಲು ಹೆದರುವುದು ಅದಕ್ಕೇ, ಮೂಲ ಅಳಿಸಿಹೋದೀತು ಅಂತ. ‘ಬೇರೆ ರೂಪದಲ್ಲಿ ಉಳಿಸು’ ಅಂದರೆ ಮುಗಿಯಿತು. ಫೋಟೊ ಆ್ಯಪ್‌ಗಳಲ್ಲಿ ಗುಂಡಿಯ ಅಗಲ ಸಾಲದೆ ಮತ್ತೆ ‘ರಫ್ತು’ವಿಗೇ ಬರುತ್ತಾರೆ ಅನ್ನುವುದು ಬೇರೆ ಮಾತು.

ಸುಂಕದಕಟ್ಟೆ:
ಸಾಫ್ಟ್‌ವೇರ್ ಎಂದ ಮೇಲೆ ಹೇಳಲೇಬೇಕು. ‘ಬಿಲ್ಲುಬಾಬು’ ಅವರು ಹೇಳಿದ ‘ಒಯ್ಯುವುದು’ ಸರಕಿಗೆ ಮಾತ್ರ. ಸೇವೆಯ ರಫ್ತಿಗೆ ಆ ವ್ಯಾಖ್ಯೆ ನಡೆಯುವುದಿಲ್ಲ, ಗಡಿಯಲ್ಲಿ ದಾಟುವ ಪೆಟ್ಟಿಗೆ ಇಲ್ಲವಲ್ಲ. ಐಜಿಎಸ್‌ಟಿ 2(6) ಐದು ಷರತ್ತು ಹಾಕುತ್ತದೆ: ಕೊಡುವವನು ಭಾರತದಲ್ಲಿರಬೇಕು, ಪಡೆಯುವವನು ಹೊರಗಿರಬೇಕು, ಪೂರೈಕೆಯ ಸ್ಥಳ ಹೊರಗಿರಬೇಕು, ಹಣ ಪರಿವರ್ತನೀಯ ವಿದೇಶಿ ವಿನಿಮಯದಲ್ಲಿ ಅಥವಾ ಆರ್‌ಬಿಐ ಒಪ್ಪಿದ ಕಡೆ ರೂಪಾಯಿಯಲ್ಲಿ ಬರಬೇಕು, ಇಬ್ಬರೂ ಒಂದೇ ವ್ಯಕ್ತಿಯ ಎರಡು ಶಾಖೆಗಳಾಗಿರಬಾರದು. ಒಂದು ತಪ್ಪಿದರೂ ರಫ್ತಲ್ಲ.

ಹೆಚ್ಚಿನವರು ಬೀಳುವುದು ಮೂರನೆಯದರಲ್ಲಿ. ಗಿರಾಕಿ ಜರ್ಮನಿಯವನು, ಯೂರೋ ಬಂತು, ಆದರೆ ಕೆಲಸ ಭಾರತದಲ್ಲಿರುವ ಅವನ ಕಟ್ಟಡಕ್ಕೆ ಸಂಬಂಧಿಸಿದ್ದು. ಆಗ ಪೂರೈಕೆಯ ಸ್ಥಳ ಕಟ್ಟಡ ಇರುವ ಜಾಗ. ರಫ್ತಲ್ಲ, ತೆರಿಗೆ ಕಟ್ಟಬೇಕು.

ಅಚ್ಚಗನ್ನಡ:
ನೋಡಿ, ಸೇವೆಗೆ ದುಡ್ಡು ಬರಲೇಬೇಕು ಅಂತೀರಿ. ಅಂದರೆ ಮಾರಾಟ. ನನ್ನ ‘ಹೊರಮಾರಾಟ’ ಅಲ್ಲಿ ನೂರಕ್ಕೆ ನೂರು ಸರಿ.

ಸುಂಕದಕಟ್ಟೆ:
ಸೇವೆಗೆ ಸರಿಯೇ, ಒಪ್ಪಿದೆ. ಸರಕಿಗಲ್ಲ. ಕೈಪಿಡಿಯಲ್ಲಿರುವುದು ‘ಸರಕನ್ನು’ ಅಂತ.

ಬಿಲ್ಲುಬಾಬು:
‘ಹೋಯಿತು’ ಯಾವಾಗ ಅನ್ನುವುದು ಇನ್ನೊಂದು ಹೂರಣ. ಗೋದಾಮಿನಿಂದ ಲಾರಿ ಹೊರಟಾಗ? ಅಲ್ಲ. ಶಿಪ್ಪಿಂಗ್ ಬಿಲ್ ಹಾಕಿದಾಗ? ಅಲ್ಲ. ಕಸ್ಟಮ್ಸ್ ಅಧಿಕಾರಿ ‘ಲೆಟ್ ಎಕ್ಸ್‌ಪೋರ್ಟ್’ ಆದೇಶ, ನಮ್ಮ ಬಾಯಲ್ಲಿ ಎಲ್‌ಇಒ, ಕೊಟ್ಟಾಗ? ಅದು ಏರಿಸಲು ಅನುಮತಿ ಅಷ್ಟೆ (ರಫ್ತು ಸುಂಕ ಇರುವ ಸರಕಿಗೆ ಆ ದಿನದ ದರ ಅನ್ವಯ, ಅದು ಮುಖ್ಯ). ಹಡಗಿನವರು ಅಥವಾ ವಿಮಾನದವರು ಇಂತಿಂಥ ಸರಕು ಹೊತ್ತು ಹೊರಟೆವು ಅಂತ ಇಜಿಎಂ ಎಂಬ ಸರಕುಪಟ್ಟಿ ಸಲ್ಲಿಸಿದಾಗ ಮಾತ್ರ ರೀಫಂಡಿನ ಗಾಲಿ ತಿರುಗುತ್ತದೆ. ಐಜಿಎಸ್‌ಟಿ ಕಟ್ಟಿ ಕಳಿಸಿದವರಿಗೆ ಜಿಎಸ್‌ಟಿಯ 96ನೇ ನಿಯಮದಲ್ಲಿ ಶಿಪ್ಪಿಂಗ್ ಬಿಲ್ಲೇ ರೀಫಂಡ್ ಅರ್ಜಿ. ಆದರೆ ಆ ಇಜಿಎಂ ಮತ್ತು ನಿಮ್ಮ ಜಿಎಸ್‌ಟಿ 3ಬಿ ರಿಟರ್ನ್ ಎರಡೂ ಬಿದ್ದ ಮೇಲೆಯೇ ಅರ್ಜಿ ಸಲ್ಲಿಸಿದ ಹಾಗೆ.

ಒಳನಾಡಿನವರಿಗೆ ಇಲ್ಲೇ ಪೆಟ್ಟು. ಬೆಂಗಳೂರಿನ ವೈಟ್‌ಫೀಲ್ಡ್ ಐಸಿಡಿಯಲ್ಲಿ (ಒಳನಾಡಿನ ಕಂಟೇನರ್ ಡಿಪೊ) ಕಂಟೇನರ್ ತುಂಬಿ ಸೀಲ್ ಆಗಿ ಚೆನ್ನೈಗೆ ಹೋಯಿತು ಅನ್ನಿ. ಅಲ್ಲಿಂದ ಹಡಗು ಹತ್ತಿದ್ದಕ್ಕೆ ಬೇರೆಯೇ ಇಜಿಎಂ, ಗೇಟ್‌ವೇ ಇಜಿಎಂ ಅಂತಾರೆ. ಐಸಿಡಿಯ ದಾಖಲೆಯೂ ಇದೂ ಒಂದಕ್ಕೊಂದು ಹೊಂದದಿದ್ದರೆ ಎಸ್‌ಬಿ006 ಅಂತ ದೋಷ ಬರುತ್ತದೆ. ಕಂಟೇನರ್ ನಂಬರಿನಲ್ಲಿ ಒಂದಕ್ಷರ, ಪೆಟ್ಟಿಗೆಗಳ ಎಣಿಕೆಯಲ್ಲಿ ಒಂದು ಆಚೀಚೆ ಆದರೂ ಸಾಕು. ರಫ್ತುದಾರ ಏನೂ ಮಾಡುವಂತಿಲ್ಲ, ಶಿಪ್ಪಿಂಗ್ ಲೈನ್ ತಿದ್ದಬೇಕು. ಬೆನ್ನು ಹತ್ತಿ ಮಾಡಿಸಬೇಕಷ್ಟೆ.

ಸುಮ್ನೆಓದ್ತೀನಿ:
ಒಂದು ಡೌಟು. ಎಲ್‌ಯುಟಿ ಅಂದರಲ್ಲ, ತೆರಿಗೆ ಕಟ್ಟದೆ ಕಳಿಸುವುದು. ಆಗ ‘ಹೋಗಲಿಲ್ಲ’ ಅಂದ್ರೆ?

ಸುಂಕದಕಟ್ಟೆ:
ಎಲ್‌ಯುಟಿ ಪ್ರತಿ ಹಣಕಾಸು ವರ್ಷಕ್ಕೆ ಹೊಸದಾಗಿ ಆರ್‌ಎಫ್‌ಡಿ-11 ನಮೂನೆಯಲ್ಲಿ ಹಾಕಬೇಕು. ಇನ್ವಾಯ್ಸ್ ದಿನದಿಂದ ಮೂರು ತಿಂಗಳೊಳಗೆ ಸರಕು ದೇಶ ದಾಟಬೇಕು. ದಾಟದಿದ್ದರೆ ಮುಂದಿನ 15 ದಿನದೊಳಗೆ ತೆರಿಗೆ ಮತ್ತು ವರ್ಷಕ್ಕೆ 18% ಬಡ್ಡಿ. ಏಪ್ರಿಲ್ 1ಕ್ಕೆ ಹೊಸ ಎಲ್‌ಯುಟಿ ಹಾಕುವುದು ಮರೆತು ಮೊದಲ ವಾರ ಹಳೆಯ ನಂಬರಿನಲ್ಲೇ ಬಿಲ್ ಹೊಡೆಯುವುದು ಬಹಳ ಸಾಮಾನ್ಯ ಎಡವಟ್ಟು. ಹಾಗೆಯೇ ಐಇಸಿ, ಆಮದು-ರಫ್ತುದಾರರ ಗುರುತಿನ ಸಂಖ್ಯೆ. ಅದು ಪ್ಯಾನ್ ನಂಬರೇ, ಶುಲ್ಕ 500 ರೂಪಾಯಿ, ಆಜೀವ ಅಂತ ನಂಬಿ ಕೂರುತ್ತಾರೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಡಿಜಿಎಫ್‌ಟಿ (ವಿದೇಶ ವ್ಯಾಪಾರ ನಿರ್ದೇಶನಾಲಯ) ತಾಣದಲ್ಲಿ ವಿವರ ಖಚಿತಪಡಿಸಬೇಕು, ಬದಲಾವಣೆ ಏನೂ ಇಲ್ಲದಿದ್ದರೂ. ಇಲ್ಲದಿದ್ದರೆ ನಿಷ್ಕ್ರಿಯ.

ನಿಘಂಟುಪ್ರಿಯ:
ವ್ಯಾಕರಣ ಬಿಟ್ಟು ಕಚೇರಿಯೊಳಗೆ ಹೋಗಿಬಿಟ್ಟೆವು. ‘ಕೀಲಿಮಣೆ’ ಅವರೇ, ಮೇಲೆ ‘ರಫ್ತುವಿಗೆ’ ಅಂದಿರಿ. ತಪ್ಪು. ರಫ್ತಿನ ಕೊನೆಯ ಉಕಾರ ಉಚ್ಚಾರಣೆಗೆ ಸೇರಿಸಿಕೊಂಡದ್ದು, ವಿಭಕ್ತಿ ಬಂದಾಗ ಬಿಟ್ಟುಹೋಗುತ್ತದೆ: ರಫ್ತಿಗೆ, ರಫ್ತಿನ, ರಫ್ತಾಗುತ್ತದೆ. ‘ಗುರುವಿಗೆ’ ಸರಿ, ಯಾಕೆಂದರೆ ಗುರುವಿನ ಉಕಾರ ಪದದ್ದೇ. ಕಾಗದ ಪತ್ರದಲ್ಲಿ ‘ರಫ್ತುವಿನ ಪ್ರಮಾಣ’ ಕಂಡರೆ ಕೆಂಪು ಶಾಯಿ ಹಚ್ಚಿ.

ಇನ್ನೊಂದು ಪೀಡೆ ‘ರಫ್ತೋದ್ಯಮ’. ಇದು ಯಾವ ಸಂಧಿ? ಗುಣಸಂಧಿಗೆ ಮೊದಲ ಪದದ ಕೊನೆಯಲ್ಲಿ ಅ ಅಥವಾ ಆ ಬೇಕು, ಇಲ್ಲಿರುವುದು ಉ. ಸವರ್ಣದೀರ್ಘ ಮಾಡಿದರೆ ‘ರಫ್ತೂದ್ಯಮ’, ಲೋಪ ಮಾಡಿದರೆ ‘ರಫ್ತುದ್ಯಮ’. ‘ರಫ್ತೋ’ ಯಾವ ಸೂತ್ರಕ್ಕೂ ಒಗ್ಗುವುದಿಲ್ಲ. ‘ಚಿತ್ರೋದ್ಯಮ’ದ ತಾಳಕ್ಕೆ ಕುಣಿದದ್ದು. ಬಿಡಿಸಿ ‘ರಫ್ತು ಉದ್ಯಮ’ ಅಂತ ಬರೆಯಿರಿ, ಯಾರಿಗೂ ತೊಂದರೆಯಿಲ್ಲ.

ಕೀಲಿಮಣೆ:
ರಫ್ತಿಗೆ. ಆಯ್ತು ಮೇಷ್ಟ್ರೆ. ‘ರಪ್ತು’ ಅಂತ ಪಕಾರ ಬರೆಯುವವರನ್ನೂ ಹೊಡೀತೀರಾ?

ನಿಘಂಟುಪ್ರಿಯ:
ಬಾಯಲ್ಲಿ ‘ರಪ್ತು’ ಅನ್ನುವವರನ್ನು ಯಾಕೆ ಹೊಡೆಯಲಿ? ಬಂಗಾಳಿಯವರು ಬರೆಯುವುದೇ ಪಕಾರದಲ್ಲಿ. ಬರಹಕ್ಕೆ ಒಂದು ರೂಪ ಇರಲಿ, ‘ರಫ್ತು’. ಹುಡುಕಾಟಕ್ಕಾದರೂ ಅನುಕೂಲ.

ಗಡಿನಾಡು:
ಪೇಪರಿನವರು ‘ಮಹಾರಾಷ್ಟ್ರಕ್ಕೆ ದಾಳಿಂಬೆ ರಫ್ತು’ ಅಂತ ಹಾಕುತ್ತಾರಲ್ಲ, ಅದನ್ನೂ ಹೇಳಿ ಯಾರಾದರೂ.

ಬಿಲ್ಲುಬಾಬು:
ಮೂಲಾರ್ಥದ ಪ್ರಕಾರ ಹೋಯಿತು, ಸರಿಯೇ. ಇವತ್ತಿನ ಲೆಕ್ಕದಲ್ಲಿ ಅದು ಅಂತರರಾಜ್ಯ ಪೂರೈಕೆ, ‘ರವಾನೆ’ ಅನ್ನಿ, ‘ಸಾಗಣೆ’ ಅನ್ನಿ. ಸಂವಿಧಾನದಲ್ಲಿ ಹೊರದೇಶದ ಆಮದು-ರಫ್ತು ಕೇಂದ್ರಪಟ್ಟಿಯ 41ನೇ ಬಾಬತ್ತು, ರಾಜ್ಯ ರಾಜ್ಯದ ನಡುವಿನ ವ್ಯಾಪಾರ 42ನೆಯದು. ಇ-ವೇ ಬಿಲ್ಲಿನಲ್ಲೂ (ಲಾರಿಯ ಸರಕಿನ ಜಿಎಸ್‌ಟಿ ರಹದಾರಿ) ಬೇರೆ ಬೇರೆ. ರಫ್ತು ಅಂತ ಆರಿಸಿದರೆ ಪಡೆಯುವವರ ಜಿಎಸ್‌ಟಿ ನಂಬರಿನ ಜಾಗದಲ್ಲಿ ‘ಯುಆರ್‌ಪಿ’ (ನೋಂದಣಿ ಇಲ್ಲದವರು), ರಾಜ್ಯ ‘ಇತರ ದೇಶ’, ಆದರೆ ಲಾರಿ ಹೋಗುವ ಜಾಗಕ್ಕೆ ಬಂದರಿನ ಅಥವಾ ಐಸಿಡಿಯ ಪಿನ್‌ಕೋಡ್. ಅಲ್ಲಿಗೂ ಹೊರದೇಶದ ಪಿನ್ ಅಂತ 999999 ಒತ್ತಿದರೆ ಲಾರಿಯ ದೂರದ ಲೆಕ್ಕ ತಲೆಕೆಳಗಾಗಿ ಬಿಲ್ಲಿನ ಅವಧಿಯೇ ಕೆಡುತ್ತದೆ.

ಹಳೆಬಂದರು:
ಪಾರಸಿ ಬರುವ ಮುಂಚೆ ಏನನ್ನುತ್ತಿದ್ದರು ಅಂತ ಯಾರೂ ಕೇಳಲಿಲ್ಲ! ಐಹೊಳೆಯ ಐನೂರ್ವರು ಆ ಕಾಲಕ್ಕೇ ಹೊರನಾಡುಗಳಲ್ಲಿ ವ್ಯಾಪಾರ ಮಾಡಿದವರು, ಶಾಸನಗಳಲ್ಲಿ ‘ನಾನಾದೇಶಿ’ ಅಂತ ಬರುತ್ತದೆ. ಲೆಕ್ಕ ಹೇರಿನ ಮೇಲೆ, ಎತ್ತಿನ ಬೆನ್ನಿಗೆ ಒಂದು ಹೇರು. ತೆರಿಗೆಗೆ ‘ಸುಂಕ’ (ಶುಲ್ಕದ ತದ್ಭವ), ದೊಡ್ಡ ಸರಕಿಗೆ ‘ಪೆರ್ಜುಂಕ’, ಆಮೇಲೆ ‘ಹೆಜ್ಜುಂಕ’. ವಿಜಯನಗರದ ಕಾಲದಲ್ಲಿ ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಗೆ ಹೋಗುತ್ತಿತ್ತು, ಕುದುರೆ ಒಳಗೆ ಬರುತ್ತಿತ್ತು. ರಫ್ತು ಹೋಗಿ ಬೇರೆ ಪದ ಬಂದರೂ ಸುಂಕ ಮಾತ್ರ ಕದಲುವುದಿಲ್ಲ ಅಂತ ಕಾಣುತ್ತದೆ.

ಅಚ್ಚಗನ್ನಡ:
ಹೇರು! ‘ಹೊರಹೇರು’. ಮಾರಾಟವೂ ಅಲ್ಲ, ಹೊತ್ತು ಹೊರಗೆ ಒಯ್ಯುವುದು. ಈಗ ಏನಂತೀರಿ ಬಿಲ್ಲುಬಾಬು?

ಬಿಲ್ಲುಬಾಬು:
ಅರ್ಥದ ತಕರಾರಿಲ್ಲ. ಆದರೆ ‘ಹೇರು’ ಅಂದರೆ ಈಗಿನವರಿಗೆ ಮೊದಲು ನೆನಪಾಗುವುದು ‘ಒತ್ತಡ ಹೇರು, ನಿಷೇಧ ಹೇರು’. ಪೇಪರಿನವರು ‘ಈರುಳ್ಳಿ ಹೊರಹೇರಿನ ಮೇಲೆ ನಿಷೇಧ ಹೇರಿಕೆ’ ಅಂತ ಬರೆದರೆ ಓದುವವರ ಗತಿ?

ಕರಡುತಿದ್ದು:
ಸದ್ಯಕ್ಕೆ ಹೀಗೆ ಬರೆದುಕೊಂಡಿದ್ದೇನೆ: ‘ರಫ್ತು: ಸರಕನ್ನು ದೇಶದಿಂದ ಹೊರದೇಶಕ್ಕೆ ಕಳಿಸುವುದು, ಹೆಚ್ಚಾಗಿ ಮಾರಾಟಕ್ಕಾಗಿ. ಸೇವೆಯನ್ನು ಹೊರದೇಶದವರಿಗೆ ಹಣಕ್ಕೆ ಒದಗಿಸುವುದು. ಪಾರಸಿ ರಫ್ತ್, ಹೋಯಿತು.’ ಕೊರತೆ ಇದೆಯಾ?

ಸುಂಕದಕಟ್ಟೆ:
‘ಡೀಮ್ಡ್ ಎಕ್ಸ್‌ಪೋರ್ಟ್’ಗೆ ಬೇರೆ ನಮೂದು ಕೊಡಿ, ‘ಪರಿಭಾವಿತ ರಫ್ತು’ ಅಂತ ಕಾನೂನು ಪುಸ್ತಕದ ಭಾಷೆ. ಸರಕು ದೇಶ ಬಿಡುವುದೇ ಇಲ್ಲ, ನೂರಕ್ಕೆ ನೂರು ರಫ್ತು ಘಟಕಕ್ಕೋ ಅಡ್ವಾನ್ಸ್ ಆಥರೈಸೇಷನ್ (ರಫ್ತಿನ ಕಚ್ಚಾಮಾಲಿಗೆ ಸುಂಕವಿನಾಯಿತಿಯ ಪರವಾನಗಿ) ಇರುವವರಿಗೋ ಇಲ್ಲೇ ಕೊಡುವುದು. ಅದು ಶೂನ್ಯ ದರವಲ್ಲ, ಮೊದಲು ತೆರಿಗೆ ಕಟ್ಟಿ ಆಮೇಲೆ ವಾಪಸ್ ಪಡೆಯಬೇಕು. ಹೆಸರಲ್ಲಿ ರಫ್ತು ಇದೆ ಅಂತ ಎಲ್‌ಯುಟಿಯಲ್ಲಿ ಕಳಿಸಿದವರಿಗೆ ನೋಟಿಸ್ ಬರುತ್ತದೆ. ಎಸ್‌ಇಝಡ್‌ಗೆ (ವಿಶೇಷ ಆರ್ಥಿಕ ವಲಯ) ಕೊಟ್ಟದ್ದು ಇದಲ್ಲ, ಅದಕ್ಕೆ ಎಲ್‌ಯುಟಿ ನಡೆಯುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಹಾಕಬೇಡಿ.

ಸುಮ್ನೆಓದ್ತೀನಿ:
ಇಲ್ಲಿಗೇ ಬಂದ ಮೇಲೆ ಕೇಳ್ತೀನಿ: ಎಸ್‌ಬಿ006 ಹೇಳಿದ್ರಿ, ಎಸ್‌ಬಿ005 ಅಂದ್ರೆ ಏನು? ಅದೇ ಜಾಸ್ತಿ ಕೇಳಿಬರೋದು.

ಬಿಲ್ಲುಬಾಬು:
ಇನ್ವಾಯ್ಸ್ ನಂಬರ್ ಹೊಂದದ್ದು. ಶಿಪ್ಪಿಂಗ್ ಬಿಲ್ಲಿನಲ್ಲಿ ಒಂದು, ಜಿಎಸ್‌ಟಿಆರ್-1 ರಿಟರ್ನಿನ 6ಎ ಕೋಷ್ಟಕದಲ್ಲಿ ಇನ್ನೊಂದು. ಮುಂದಿನ ಸೊನ್ನೆ ಬಿಟ್ಟಿರುತ್ತಾರೆ, ಇಲ್ಲವೇ ಗೀಟಿನ ಬದಲು ಓರೆಗೀಟು ಹಾಕಿರುತ್ತಾರೆ, ಇಲ್ಲವೇ ಟ್ಯಾಕ್ಸ್ ಇನ್ವಾಯ್ಸ್‌ಗೆ ಒಂದು ಸರಣಿ, ಕಮರ್ಷಿಯಲ್ ಇನ್ವಾಯ್ಸ್‌ಗೆ ಇನ್ನೊಂದು ಇಟ್ಟುಕೊಂಡಿರುತ್ತಾರೆ. ತಪ್ಪು ರಿಟರ್ನಿನಲ್ಲಿದ್ದರೆ 9ಎ ಕೋಷ್ಟಕದಲ್ಲಿ ತಿದ್ದಬಹುದು. ಶಿಪ್ಪಿಂಗ್ ಬಿಲ್ಲಿನಲ್ಲಿದ್ದರೆ ಎರಡೂ ನಂಬರುಗಳನ್ನು ಎದುರುಬದುರು ಬರೆದ ತಾಳೆಪಟ್ಟಿಯನ್ನು ಆ ಬಂದರಿನ ಕಸ್ಟಮ್ಸ್ ಅಧಿಕಾರಿಗೆ ಕೊಟ್ಟು ಅವರ ಕಡೆಯಿಂದಲೇ ಸರಿಪಡಿಸಿಸಬೇಕು. ಬಂದರಿನ ಕೋಡೂ ನೋಡಿಕೊಳ್ಳಿ, ಕೊನೆಯ ಅಂಕಿ 1 ಇದ್ದರೆ ಸಮುದ್ರ, 4 ವಿಮಾನ, 6 ಐಸಿಡಿ. ಬೆಂಗಳೂರಿನವರು ವಿಮಾನದ್ದನ್ನೂ ವೈಟ್‌ಫೀಲ್ಡಿನದ್ದನ್ನೂ ಅದಲುಬದಲು ಹಾಕಿದರೆ ದಾಖಲೆ ಕಸ್ಟಮ್ಸ್ ಕಡೆ ತಾಳೆಯೇ ಆಗುವುದಿಲ್ಲ.